ಮೂರು ಪೈಸೆಯ ಶಾಖ, ನಲವತ್ತಮೂರು ರೂಪಾಯಿಯ ಪುಡಿ

ಎಸ್‌ಪ್ರೆಸೊ ಮಷಿನ್ನಿನ ಬಾಯ್ಲರಿಗೆ ಹೋಗುವ ನೀರನ್ನು ಮೊದಲೇ ಬೆಚ್ಚಗೆ ಮಾಡಿಕೊಟ್ಟರೆ ಕರೆಂಟ್ ಬಿಲ್ ಇಳಿಯುತ್ತದೆಯೇ? ಇಳಿಯುವುದಿಲ್ಲ. ಒಂದು ಡಬಲ್ ಶಾಟ್ ಇಳಿಸುವಾಗ ಬಾಯ್ಲರಿಗೆ ಸೇರುವ ಹೊಸ ನೀರು ಸುಮಾರು 60 ಮಿಲಿ. ಅದನ್ನು 25 ಡಿಗ್ರಿಯಿಂದ 93 ಡಿಗ್ರಿಗೆ ಏರಿಸಲು 0.005 ಯೂನಿಟ್ ಸಾಕು. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 3 ಪೈಸೆ. ಆ 3 ಪೈಸೆಯನ್ನೂ ನನ್ನ ಪ್ರೀಹೀಟರ್ ಉಳಿಸುವುದಿಲ್ಲ, ಏಕೆಂದರೆ ಅದು ಕಾಯುವುದು ಅದೇ ಬಾಯ್ಲರಿನ ಮೈಶಾಖದಿಂದ. ಆದರೂ ಅದಕ್ಕೆ 2,400 ರೂಪಾಯಿ ಹಾಕಿದ್ದೇನೆ. ಅಡುಗೆಮನೆಗೆ ಸುರಿದ ದುಡ್ಡಿನಲ್ಲಿ ಇಷ್ಟು ಸಾರ್ಥಕವಾದದ್ದು ಕಡಿಮೆ.

ದುಡ್ಡು ಇರುವುದು ಪುಡಿಯಲ್ಲಿ. ಚಿಕ್ಕಮಗಳೂರು ಕಡೆಯ ತೋಟದ ಅರೇಬಿಕಾ ಬೀಜ ನಮ್ಮ ಮನೆಗೆ 250 ಗ್ರಾಂಗೆ 600 ರೂಪಾಯಿಯಂತೆ ಬರುತ್ತದೆ. ಶಾಟ್ ಒಂದಕ್ಕೆ 18 ಗ್ರಾಂ, ಅಂದರೆ 43 ರೂಪಾಯಿ. ನನ್ನ ಮಷಿನ್ನಿನದು 100 ಮಿಲಿಯ ಪುಟ್ಟ ಬಾಯ್ಲರ್. ಮೊದಲ ಕಪ್ ಚೆನ್ನಾಗಿಯೇ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಇಳಿಸಿದರೆ ತಣ್ಣೀರು ನುಗ್ಗಿ, ಶಾಖ ಕುಸಿದು, ಕಾಫಿ ಹುಳಿಯಾಗುತ್ತದೆ. ಮನೆಗೆ ಬಂದವರ ಕೈಗೆ ಕೊಡಲಾಗದ ಆ ಕಪ್ ಸಿಂಕಿನ ಪಾಲು. ಬೆಳೆದವರ ಶ್ರಮ ಹೀಗೆ ಚೆಲ್ಲಿಹೋಗುವುದು ನನಗೆ ಸಹಿಸದು.

ಪರಿಹಾರ ಹೊಸದೇನಲ್ಲ. ಇಟಲಿಯ ಫೇಮಾ ಕಂಪನಿ 1961ರಲ್ಲಿ ತಂದ ಇ61 ಮಷಿನ್ನಿನಲ್ಲೇ ಕಾಫಿಯ ನೀರು ದೊಡ್ಡ ಬಾಯ್ಲರಿನೊಳಗಿನ ಕೊಳವೆಯಲ್ಲಿ ಹಾದು ಬಿಸಿಯಾಗುತ್ತಿತ್ತು. ಅಂಥದ್ದನ್ನು ಇಂದು ಮನೆಗೆ ತರಲು ಹೊರಟರೆ ಲಕ್ಷ ರೂಪಾಯಿ ದಾಟುತ್ತದೆ.

ಟ್ಯಾಂಕಿಗೇ ಬಿಸಿನೀರು ಸುರಿದರೆ ಸಾಲದೇ ಎಂದು ತಮ್ಮ ಕೇಳಿದ. ಸಾಲದು. ಇಂಥ ಮಷಿನ್ನುಗಳ ವೈಬ್ರೇಶನ್ ಪಂಪ್ ತಣ್ಣಗಿರುವುದೇ ತನ್ನೊಳಗೆ ಹರಿಯುವ ನೀರಿನಿಂದ. ಬಿಸಿನೀರು ಕೊಟ್ಟರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಹಾಗಾಗಿ ಪ್ರೀಹೀಟರ್ ಪಂಪಿಗೂ ಬಾಯ್ಲರಿಗೂ ನಡುವೆ ಕೂರಬೇಕು. ಎಸಿ ರಿಪೇರಿಯವರು ಬಳಸುವ ಕಾಲಿಂಚಿನ ತಾಮ್ರದ ಪೈಪ್ 4 ಮೀಟರ್ ತಂದು, ಬಾಯ್ಲರಿನ ಸುತ್ತ ಎರಡು ಪದರ ಸುತ್ತಿಸಿದೆ. ಅಷ್ಟು ಉದ್ದದಲ್ಲಿ ಒಂದು ಶಾಟ್‌ಗೆ ಬೇಕಾದದ್ದಕ್ಕಿಂತ ತುಸು ಹೆಚ್ಚೇ ನೀರು ನಿಲ್ಲುತ್ತದೆ. ಪಂಪಿನ ಒತ್ತಡ 15 ಬಾರ್‌ವರೆಗೆ ಏರಬಹುದಾದ್ದರಿಂದ ಪ್ಲಾಸ್ಟಿಕ್ ಟ್ಯೂಬ್ ನಂಬುವಂತಿಲ್ಲ. ಕುಡಿಯುವ ನೀರಿನ ದಾರಿಯಲ್ಲಿ ಸೀಸ ಬೆರೆತ ಬೆಸುಗೆಯಂತೂ ಕೂಡದು. ಜೋಡಣೆಯ ಕೆಲಸವನ್ನು ಪರಿಚಯದ ಎಸಿ ಮೆಕ್ಯಾನಿಕ್ಕಿಗೆ ಬಿಟ್ಟೆ. ಅರ್ಥಿಂಗ್ ಮತ್ತು ಥರ್ಮಲ್ ಫ್ಯೂಸ್ ಮುಟ್ಟಬಾರದೆಂದು ಮೊದಲೇ ಮಾತಾಗಿತ್ತು.

ಪರೀಕ್ಷೆಗೆ ಅದೇ ಬೀಜ, ಅದೇ ತೂಕ, ಅದೇ ಗ್ರೈಂಡರ್ ಸೆಟ್ಟಿಂಗ್ ಇಟ್ಟುಕೊಂಡೆ. ಪುಡಿಯ ಮೇಲೆ ಥರ್ಮೋಕಪಲ್ಲಿನ ತೆಳು ತಂತಿ, ಪ್ಲಗ್ಗಿಗೆ ಎನರ್ಜಿ ಮೀಟರ್. ಪ್ರೀಹೀಟರ್ ಹಾಕುವ ಮೊದಲು ಎರಡನೆಯ ಕಪ್ಪಿನಲ್ಲಿ ಶಾಖ 93ರಿಂದ 84 ಡಿಗ್ರಿಯ ಆಸುಪಾಸಿಗೆ ಬೀಳುತ್ತಿತ್ತು. ಹಾಕಿದ ಮೇಲೆ 89ರ ಹತ್ತಿರ ನಿಂತಿತು. ಯಾವುದು ಯಾವ ಕಪ್ ಎಂದು ಹೇಳದೆ ಹೆಂಡತಿಗೆ ಕೊಟ್ಟೆ. ಮೊದಲನೆಯದಕ್ಕೂ ಎರಡನೆಯದಕ್ಕೂ ವ್ಯತ್ಯಾಸವೇ ಇಲ್ಲವಲ್ಲ ಎಂದಳು. ಅದಕ್ಕಿಂತ ನಂಬಿಕಸ್ಥ ಮೀಟರ್ ನಮ್ಮ ಮನೆಯಲ್ಲಿಲ್ಲ.

ಎನರ್ಜಿ ಮೀಟರ್ ಮಾತ್ರ ಬೇರೆ ಸಂಗತಿ ತೋರಿಸಿತು. ತಾಮ್ರವೂ ಕಾಯಬೇಕಾದ್ದರಿಂದ ಬೆಳಗಿನ ವಾರ್ಮ್‌-ಅಪ್ ಇನ್ನಷ್ಟು ಉದ್ದವಾಗಿದೆ. ಮಷಿನ್ ಆನ್ ಆಗಿ ನಿಂತರೆ ಗಂಟೆಗೆ ಹತ್ತಿರಹತ್ತಿರ 0.1 ಯೂನಿಟ್ ತಿನ್ನುತ್ತದೆ. ಕರೆಂಟ್ ಉಳಿಸುವ ಆಸೆಯಿದ್ದವರು ಕಾಫಿ ಮುಗಿದ ಕೂಡಲೇ ಸ್ವಿಚ್ ಆರಿಸಲಿ. ಅದಕ್ಕೆ ತಾಮ್ರ ಬೇಡ.

ವಾರಕ್ಕೆ ಎರಡು ಕಪ್ ಚೆಲ್ಲುವುದು ತಪ್ಪಿದರೂ 86 ರೂಪಾಯಿ ಉಳಿತಾಯ. ಹಾಕಿದ ದುಡ್ಡು ಏಳು ತಿಂಗಳೊಳಗೆ ವಾಪಸ್. ಲಕ್ಷದ ಮಷಿನ್ ಕೊಳ್ಳುವ ಯೋಚನೆ ಮನೆಯಲ್ಲಿ ಮತ್ತೆ ಎದ್ದಿಲ್ಲ, ದೊಡ್ಡ ಉಳಿತಾಯ ಅದೇ. ಆದರೆ ದಿನಕ್ಕೆ ಒಂದೇ ಕಪ್ ಮಾಡಿಕೊಳ್ಳುವವರಿಗೆ, ಎರಡು ಕಪ್ಪಿನ ನಡುವೆ ಐದು ನಿಮಿಷ ಕಾಯಬಲ್ಲವರಿಗೆ ಇದರ ಅಗತ್ಯವಿಲ್ಲ. ವಾರಂಟಿ ಇನ್ನೂ ಇರುವ ಮಷಿನ್ನನ್ನಂತೂ ಬಿಚ್ಚಲೇಬೇಡಿ.