ಬಿನ್ನಿ ಮಿಲ್ಲಿನ ಸ್ಕಾಟ್ ತಾತನನ್ನು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಅಜ್ಜಿಯ ತಾತ ಸ್ಕಾಟ್ಲೆಂಡಿನವರಂತೆ. ಬಿನ್ನಿ ಮಿಲ್ಲಿನಲ್ಲಿ ಕೆಲಸಕ್ಕಿದ್ದು ಬೆಂಗಳೂರಿನಲ್ಲೇ ತೀರಿಕೊಂಡರಂತೆ. ಹೆಸರು ಬಿಟ್ಟರೆ ಮನೆಯಲ್ಲಿ ಒಂದು ಕಾಗದವೂ ಇಲ್ಲ. ಅವರ ಊರು, ಮನೆತನ ತಿಳಿಯಲು ಸಾಧ್ಯವೇ? ಸ್ಕಾಟ್ಲೆಂಡಿಗೆ ಬರೆದು ಕೇಳಬೇಕೇ?
— ಓದುಗರೊಬ್ಬರು, ವಿಜಯನಗರ

ಉತ್ತರ: ಸ್ಕಾಟ್ಲೆಂಡಿಗೆ ಈಗಲೇ ಬರೆಯಬೇಡಿ. ಬರೀ ಹೆಸರು ಹಿಡಿದು ಅಲ್ಲಿ ಹುಡುಕಿದರೆ ಅದೇ ಹೆಸರಿನವರು ರಾಶಿ ರಾಶಿ ಎದುರಾಗುತ್ತಾರೆ. ಅಲ್ಲಿನ ಹಳೆಯ ರೂಢಿಯಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ಅಣ್ಣತಮ್ಮಂದಿರು ನಾಲ್ವರಿದ್ದರೆ ನಾಲ್ವರ ಹಿರಿಮಕ್ಕಳಿಗೂ ಒಂದೇ ತಾತನ ಹೆಸರು. ಮಾಗಡಿ ಕಡೆಯ ಹಳ್ಳಿಯಲ್ಲಿ ಒಂದೇ ಮನೆತನದ ಮೂವರು ರಂಗಪ್ಪಂದಿರ ಪಹಣಿ ಬಿಡಿಸಲು ಕೂತವರಿಗೆ ಈ ಪಜೀತಿ ಹೊಸದೇನಲ್ಲ.

ಹುಡುಕಾಟ ಬೆಂಗಳೂರಿನಿಂದ, ಅದೂ ಅವರ ಸಾವಿನಿಂದ ಹಿಂದಕ್ಕೆ ಹೋಗಬೇಕು. ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಶುರುವಾದದ್ದು 1884ರಲ್ಲಿ. ಮದರಾಸಿನ ಬಿನ್ನಿ ಕಂಪನಿ ಆಮೇಲೆ ಅದರ ಆಡಳಿತ ವಹಿಸಿಕೊಂಡಿತು. 1906ರಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯಾದಾಗ ಬಿನ್ನಿಯೂ ಅಲ್ಲಾಡಿತು. ಆಗ ಅದನ್ನು ಕೈಗೆ ತೆಗೆದುಕೊಂಡವರು ಜೇಮ್ಸ್ ಮ್ಯಾಕೇ, ಮುಂದೆ ಲಾರ್ಡ್ ಇಂಚ್‌ಕೇಪ್ ಆದವರು. ಹುಟ್ಟೂರು ಸ್ಕಾಟ್ಲೆಂಡಿನ ಆರ್ಬ್ರೋತ್. ಹಾಗಾಗಿ ನಿಮ್ಮ ಮನೆಯ ಮಾತು ನಂಬಲಾರದ್ದಲ್ಲ. ಆದರೂ ಒಂದು ಎಚ್ಚರಿಕೆ: ‘ಸ್ಕಾಟ್ಲೆಂಡಿನವರು’ ಎಂಬುದು ಮೂರು ತಲೆಮಾರು ದಾಟಿ ಬಂದ ಮಾತು. ಇಂಗ್ಲೆಂಡಿನ ಲ್ಯಾಂಕಶೈರಿನ ನೇಯ್ಗೆ ಮೇಲ್ವಿಚಾರಕರೊಬ್ಬರು ನಿಮ್ಮ ಪಟ್ಟಿಯಲ್ಲಿ ಪ್ರತ್ಯಕ್ಷವಾದರೆ ಬೇಸರ ಮಾಡಿಕೊಳ್ಳಬೇಡಿ.

ಮದರಾಸಿನ ಅಸೈಲಂ ಪ್ರೆಸ್ ಆಲ್ಮನ್ಯಾಕ್, ಕಲ್ಕತ್ತೆಯ ಥ್ಯಾಕರ್ ಡೈರೆಕ್ಟರಿ ಇವೆರಡೂ ವರ್ಷವರ್ಷವೂ ಇಲ್ಲಿದ್ದ ಯುರೋಪಿಯನ್ನರ ಹೆಸರು, ಕೆಲಸ, ಊರನ್ನು ಅಚ್ಚು ಹಾಕುತ್ತಿದ್ದವು. ಹಲವು ವರ್ಷದ ಸಂಪುಟಗಳು ಈಗ ಅಂತರ್ಜಾಲದಲ್ಲಿವೆ. ಹೆಸರು ಯಾವ ವರ್ಷ ಮೊದಲು ಕಾಣಿಸಿತು, ಯಾವ ವರ್ಷ ಮಾಯವಾಯಿತು ಎಂದು ಗುರುತು ಹಾಕಿಕೊಳ್ಳಿ. ಮಾಯವಾದ ವರ್ಷದ ಆಸುಪಾಸಿನಲ್ಲೇ ಸಾವಿನ ದಾಖಲೆ ಹುಡುಕಬೇಕು.

ಅದು ಸಿಗುವುದು ಚರ್ಚಿನ ಪುಸ್ತಕದಲ್ಲಿ. ಸ್ಕಾಟರ ಪ್ರೆಸ್ಬಿಟೇರಿಯನ್ ಚರ್ಚು ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್. 1864ರಲ್ಲಿ ಅಡಿಗಲ್ಲು, 1866ರಲ್ಲಿ ಪ್ರಾರಂಭ. ಅಲ್ಲಿ ಸಿಗದಿದ್ದರೆ ಸೇಂಟ್ ಮಾರ್ಕ್ಸ್, ಟ್ರಿನಿಟಿ ಚರ್ಚುಗಳನ್ನೂ ವಿಚಾರಿಸಿ. ಹೆಂಡತಿಯ ಕಡೆಯ ಚರ್ಚಿನಲ್ಲಿ ಮದುವೆಯಾದವರು ಕಡಿಮೆಯೇನಲ್ಲ. ಇಲ್ಲಿನ ಪುಸ್ತಕವನ್ನು ಗೆದ್ದಲು ತಿಂದಿದ್ದರೂ ಪರವಾಗಿಲ್ಲ. ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಸಮಾಧಿಯ ನಕಲು ಪಟ್ಟಿ ಕಳಿಸಬೇಕಿತ್ತು. ಅದು ಪ್ರಾಂತ್ಯದ ಕಚೇರಿ ದಾಟಿ ಲಂಡನ್ ಸೇರುತ್ತಿತ್ತು. ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿದೆ. ಹುಡುಕುವಾಗ ‘ಮೈಸೂರು’ ಎಂದು ಕೊಟ್ಟರೆ ಕೈಗೆ ಏನೂ ಹತ್ತದು. ಬೆಂಗಳೂರು ಮೈಸೂರು ಸೀಮೆಯಲ್ಲಿದ್ದರೂ ದಂಡಿನ ಪಾದ್ರಿಗಳ ಲೆಕ್ಕ ಮದರಾಸಿಗೆ ಸೇರಿತ್ತು. ಆ ಸರಣಿಯ ಗುರುತು ಎನ್/2. ಫ್ಯಾಮಿಲಿಸರ್ಚ್ ತಾಣದಲ್ಲಿ 1786ರಿಂದ 1947ರವರೆಗಿನ ಭಾರತದ ದೀಕ್ಷಾಸ್ನಾನಗಳ ಸೂಚಿ ಬಿಟ್ಟಿಯಾಗಿ ನೋಡಬಹುದು. ಪುಟದ ಚಿತ್ರವೇ ಬೇಕೆಂದರೆ ಫೈಂಡ್‌ಮೈಪಾಸ್ಟ್‌ಗೆ ಹಣ ಕಟ್ಟಬೇಕು. ಬ್ರಿಟಿಷ್ ಇಂಡಿಯಾದ ಕುಟುಂಬಗಳಿಗೆಂದೇ 1998ರಲ್ಲಿ ಹುಟ್ಟಿದ ‘ಫಿಬಿಸ್’ ಸಂಘದ ಸ್ವಯಂಸೇವಕರ ಸೂಚಿಗಳೂ ಇವೆ.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಮದುವೆಯ ಪುಟ. ಗಂಡು ಹೆಣ್ಣಿನ ವಯಸ್ಸು, ಕೆಲಸ, ವಾಸದ ಜಾಗ, ಇಬ್ಬರ ತಂದೆಯ ಹೆಸರು, ಕೆಳಗೆ ಸಾಕ್ಷಿಗಳ ಸಹಿ. ತಂದೆಯ ಹೆಸರು, ಅಂದಾಜು ಹುಟ್ಟಿದ ವರ್ಷ ಇವೆರಡು ಸಿಕ್ಕಮೇಲೆ ಸ್ಕಾಟ್ಲೆಂಡಿನ ಬಾಗಿಲು ತಟ್ಟಿ.

ಅಲ್ಲಿಂದ ಮುಂದೆ ದಾರಿ ಸಲೀಸು. 1855ರ ಜನವರಿ 1ರಿಂದ ಆ ದೇಶದಲ್ಲಿ ಜನನ ಮರಣ ನೋಂದಣಿ ಕಡ್ಡಾಯವಾಯಿತು. ಎಲ್ಲವೂ ‘ಸ್ಕಾಟ್ಲೆಂಡ್ಸ್ ಪೀಪಲ್’ ಎಂಬ ಸರ್ಕಾರಿ ತಾಣದಲ್ಲಿದೆ. ನೆರೆಯ ಇಂಗ್ಲೆಂಡಿನ ಮದುವೆ ಪತ್ರದಲ್ಲಿ ಆ ಕಾಲಕ್ಕೆ ಅಪ್ಪಂದಿರ ಹೆಸರಷ್ಟೇ ಇರುತ್ತಿತ್ತು. ಸ್ಕಾಟರ ಪತ್ರದಲ್ಲಿ ಅಮ್ಮನ ಹೆಸರು, ಅದೂ ಆಕೆಯ ತವರಿನ ಮನೆತನದ ಹೆಸರಿನ ಸಮೇತ ಇರುತ್ತದೆ. ಮರಣ ಪತ್ರದಲ್ಲೂ ಹಾಗೆಯೇ. 1841ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಯ ಹಾಳೆಗಳು 1921ರವರೆಗೆ ತೆರೆದಿವೆ. ಒಂದು ಮನೆಯಲ್ಲಿ ಗಣತಿಯ ರಾತ್ರಿ ಯಾರು ಯಾರು ಇದ್ದರು, ಏನು ಕೆಲಸ, 1851ರಿಂದಾಚೆಗೆ ಯಾವ ಊರಲ್ಲಿ ಹುಟ್ಟಿದವರು ಎಂಬುದೆಲ್ಲ ಅಲ್ಲಿದೆ. 1881ರಿಂದ ಗೇಲಿಕ್ ಮಾತಾಡುತ್ತೀರಾ ಎಂದೂ ಕೇಳಿದ್ದಾರೆ. ಹುಡುಗ ಗ್ಯಾಲಶೀಲ್ಸ್, ಹಾವಿಕ್‌ನಂಥ ಉಣ್ಣೆ ಗಿರಣಿಯ ಊರಿನಲ್ಲಿ ಬೆಳೆದಿದ್ದರೆ, ನಮ್ಮ ಉಣ್ಣೆ ಮಿಲ್ಲಿಗೆ ಯಾಕೆ ಬಂದ ಎಂಬುದಕ್ಕೂ ಸುಳಿವು ಸಿಕ್ಕೀತು.

ನೀವು ಕೇಳದ ಒಂದು ವಿಷಯ ಹೇಳುತ್ತೇನೆ. ತಾತ ಸಿಗುತ್ತಾರೆ, ಕಷ್ಟ ಇರುವುದು ಅವರ ಹೆಂಡತಿಯನ್ನು ಹುಡುಕುವುದರಲ್ಲಿ. ಆಕೆ ಇಲ್ಲಿಯವರಾಗಿದ್ದರೆ ಮಕ್ಕಳ ದೀಕ್ಷಾಸ್ನಾನದ ಸಾಲಿನಲ್ಲಿ ಚರ್ಚಿನಲ್ಲಿ ಇಟ್ಟ ಹೆಸರೊಂದೇ ಇರುತ್ತದೆ, ಮುಂದೆ ಗಂಡನ ಮನೆತನದ ಹೆಸರು. ಹುಟ್ಟಿದ ಮನೆ ಯಾವುದು, ಮನೆಮಾತು ಕನ್ನಡವೋ ತಮಿಳೋ ಎಂದು ಕೇಳುವ ಕಾಲಂ ಆ ಹಾಳೆಯಲ್ಲೇ ಇಲ್ಲ. ಇಲ್ಲೊಂದು ತಮಾಷೆ ನೋಡಿ: ಮೈಸೂರು ಸೀಮೆಯ ಕೈಫಿಯತ್ತುಗಳನ್ನು, ವಂಶಾವಳಿಗಳನ್ನು ಊರೂರಲ್ಲಿ ಕಲೆಹಾಕಿಸಿದವರು ಸ್ಕಾಟ್ಲೆಂಡಿನ ಸ್ಟಾರ್ನೊವೆಯಲ್ಲಿ ಹುಟ್ಟಿದ ಕಾಲಿನ್ ಮೆಕೆಂಜಿ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಲ್ಲಿ ಸರ್ವೇ ಮಾಡಲು ಬಂದ ಸೇನಾಧಿಕಾರಿ. ಪಾಳೇಗಾರರ ತಲೆಮಾರುಗಳು, ದೇವಸ್ಥಾನಗಳ ಕತೆ ಅದರಲ್ಲಿ ಸಿಗುತ್ತವೆ. ನಿಮ್ಮ ಅಜ್ಜಿಯ ಅಜ್ಜಿಯಂಥವರ ಮನೆಯ ಕಡೆಗೆ ಯಾವ ಸರ್ವೇ ಗುಮಾಸ್ತನೂ ಹೋಗಲಿಲ್ಲ.

ಆಕೆಗಾಗಿ ಎರಡು ಕಡೆ ನೋಡಬಹುದು. ಒಂದು, ತಾತನ ಉಯಿಲು. ಮದರಾಸಿನಲ್ಲಿ ಪ್ರೊಬೇಟ್ ಆದ ಉಯಿಲುಗಳ ನಕಲೂ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ರಿಜಿಸ್ಟರು ಬಿಟ್ಟುಬಿಟ್ಟ ಹೆಂಗಸಿನ ಹೆಸರು ಉಯಿಲಿನಲ್ಲಿ ಸಿಕ್ಕ ಉದಾಹರಣೆಗಳಿವೆ. ಇನ್ನೊಂದು, ಮದುವೆಯ ಸಾಕ್ಷಿಗಳು. ಸೂಚಿಯಲ್ಲಿ ಗಂಡು, ಹೆಣ್ಣು, ತಾರೀಕು ಇಷ್ಟೇ ಬರುತ್ತದೆ. ಸಾಕ್ಷಿಗಳು ಕಾಣಬೇಕಾದರೆ ಪುಟದ ಚಿತ್ರವನ್ನೇ ತರಿಸಬೇಕು. ಅವರಲ್ಲಿ ಒಬ್ಬರು ಹೆಣ್ಣಿನ ಅಣ್ಣನೋ ಅಕ್ಕನ ಗಂಡನೋ ಆಗಿರುವ ಸಂಭವ ಹೆಚ್ಚು. ಆ ಹೆಸರು ಹಿಡಿದು ಅದೇ ಚರ್ಚಿನ ಹಿಂದಿನ ಹತ್ತಿಪ್ಪತ್ತು ವರ್ಷದ ಪುಸ್ತಕಗಳನ್ನು ತೆಗೆಸಿ ನೋಡಿ.