ಬಿಸಿಲಿಗೆ ಯಾವುದು, ನೆರಳಿಗೆ ಯಾವುದು?



ಬಟ್ಟೆ ಒಗೆಯುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ನಲ್ಲಿ ನೀರಿರಲಿ, ನಾಲೆ ನೀರಿರಲಿ, ಕೊಳೆ ಬಿಡಿಸುವುದು ನಿಮಗೆ ಗೊತ್ತು. ಇವತ್ತಿನ ಪಾಠ ಒಣಗಿಸುವ ಬಗ್ಗೆ.

ನಮ್ಮ ಹೊಳಲಿನ ತರಗತಿಗೆ ಬರುವ ಒಬ್ಬ ಅಕ್ಕ ಹಿಂದೆ ಮೈಸೂರಿನಲ್ಲಿ ಮನೆಕೆಲಸಕ್ಕಿದ್ದರು. ಆ ಮನೆಯಲ್ಲಿ ಬಟ್ಟೆ ಒಣಗಿಸುವ ಮಿಷನ್ ಇತ್ತು. ಒಂದು ದಿನ ಆ ಅಕ್ಕ ಎಲ್ಲಾ ಬಟ್ಟೆ ಒಟ್ಟಿಗೆ ಹಾಕಿದರು.

"ದೊಡ್ಡೋರ ಸ್ವೆಟರ್ ಹಾಕಿದ್ದೆ ಟೀಚರಮ್ಮ. ತೆಗೆದು ನೋಡಿದ್ರೆ ಮಗೀನ ಸ್ವೆಟರ್ ಆಗೋಗಿತ್ತು!" ಅಂದರು.

ನಾವೆಲ್ಲಾ ನಕ್ಕೆವು. ಆ ಅಕ್ಕ ನಗಲಿಲ್ಲ.

"ಆ ತಿಂಗಳ ಸಂಬಳದಲ್ಲಿ ದುಡ್ಡು ಹಿಡ್ಕಂಡ್ರು. ಕತ್ತಿನ ಪಟ್ಟೀಲಿ ಚೀಟಿ ಇತ್ತಂತೆ. ಓದಾಕೆ ಬರ್ದೋಳು ಅಂತ ನಾನು ಅದನ್ನ ನೋಡ್ಲೇ ಇಲ್ಲ."

ಆ ಚೀಟಿಯಲ್ಲಿ ಇದ್ದದ್ದು ಅಕ್ಷರ ಮಾತ್ರ ಅಲ್ಲ. ಚಿತ್ರವೂ ಇತ್ತು. ಚಿತ್ರ ಓದಲು ಅ ಆ ಇ ಈ ಬೇಕಿಲ್ಲ. ಯಾರಾದರೂ ಒಂದು ಸಲ ಹೇಳಿಕೊಟ್ಟಿದ್ದರೆ ಸಾಕಿತ್ತು. ನಮ್ಮ ಮದ್ದೂರು ಕಡೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಇಂಥ ಚೀಟಿ ಹೊಲಿಯುತ್ತಾರೆ. ಅವರನ್ನೂ ಕೇಳಿ ನೋಡಿ.

ಚೀಟಿಯ ಚಿತ್ರಗಳು

ಚೌಕದ ಒಳಗೆ ಒಂದು ಸೊನ್ನೆ ಇದ್ದರೆ ಅದು ಒಣಗಿಸುವ ಮಿಷನ್ನಿನ ಗುರುತು. ಸೊನ್ನೆಯೊಳಗೆ ಒಂದು ಚುಕ್ಕಿ ಇದ್ದರೆ ಕಡಿಮೆ ಶಾಖ, ಅಂದರೆ 60 ಡಿಗ್ರಿ ದಾಟಬಾರದು. ಎರಡು ಚುಕ್ಕಿ ಇದ್ದರೆ 80 ಡಿಗ್ರಿವರೆಗೆ ತಡೆಯುತ್ತದೆ. ಅದರ ಮೇಲೆ ಅಡ್ಡಡ್ಡ ಗೀಟು ಎಳೆದು ಹೊಡೆದುಹಾಕಿದ್ದರೆ ಮಿಷನ್ನಿಗೆ ಹಾಕಲೇಬಾರದು. ಚೌಕದ ಮೂಲೆಯಲ್ಲಿ ಓರೆ ಗೀಟು ಇದ್ದರೆ ನೆರಳಲ್ಲಿ ಒಣಗಿಸಬೇಕು. ಚೌಕದ ನಡುವೆ ಮಲಗಿದ ಗೀಟು ಇದ್ದರೆ ನೇತುಹಾಕದೆ ಹಾಸಿ ಒಣಗಿಸಬೇಕು.

ಮಿಷನ್ನಿನ ಮೇಲೂ ಮಾತು ಬರೆದಿರುತ್ತದೆ. ಕಾಟನ್ ಅಂದರೆ ಹತ್ತಿ, ಹೆಚ್ಚು ಶಾಖ. ಸಿಂಥೆಟಿಕ್ ಅಂದರೆ ಪಾಲಿಯೆಸ್ಟರ್, ನೈಲಾನ್ ಥರದ್ದು, ಕಡಿಮೆ ಶಾಖ. ಡೆಲಿಕೇಟ್ ಅಂದರೆ ನಾಜೂಕಿನದು, ಇನ್ನೂ ಕಡಿಮೆ.

ನಮ್ಮ ಊರುಗಳಲ್ಲಿ ಎರಡು ಬಾಯಿಯ ವಾಷಿಂಗ್ ಮಿಷನ್ ಇದೆಯಲ್ಲ, ಅದರ ಚಿಕ್ಕ ಬಾಯಿಗೂ ಡ್ರೈಯರ್ ಅನ್ನುತ್ತೇವೆ. ಅದು ಶಾಖ ಕೊಡುವುದಿಲ್ಲ. ಗಿರ್ರನೆ ತಿರುಗಿಸಿ ನೀರು ಹಿಂಡುತ್ತದೆ, ಅಷ್ಟೇ. ದಪ್ಪ ಹತ್ತಿ ಬಟ್ಟೆಯನ್ನು 4-5 ನಿಮಿಷ ತಿರುಗಿಸಿ. ಪಾಲಿಯೆಸ್ಟರ್ ಸೀರೆಗೆ ಒಂದೆರಡು ನಿಮಿಷ ಸಾಕು, ಹೆಚ್ಚಾದರೆ ನಿರಿಗೆ ಬೀಳುತ್ತದೆ. ರೇಷ್ಮೆ ಬೇಡವೇ ಬೇಡ. ತಿರುಗುವುದು ಪೂರ್ತಿ ನಿಲ್ಲುವವರೆಗೆ ಒಳಗೆ ಕೈ ಹಾಕಬೇಡಿ. ಸೆರಗು ಸುತ್ತಿಕೊಂಡರೆ ಕೈಯೇ ಹೋದೀತು.

ಸ್ವೆಟರ್ ಯಾಕೆ ಕುಗ್ಗಿತು?

ಉಣ್ಣೆ ಕುರಿಯ ಕೂದಲು. ಅದರ ಎಳೆಯ ಮೇಲೆ ಮೀನಿನ ಮೈಮೇಲಿರುವಂಥ ಸಣ್ಣ ಸಣ್ಣ ಪೊರೆಗಳಿವೆ. ಒದ್ದೆ ಉಣ್ಣೆಯನ್ನು ಬಿಸಿಯಲ್ಲಿ ಹೊರಳಾಡಿಸಿದರೆ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ. ಆಮೇಲೆ ಎಳೆದರೂ ಬಿಡುವುದಿಲ್ಲ. ಉಣ್ಣೆಯನ್ನು ಟವೆಲಿನಲ್ಲಿ ಸುತ್ತಿ ಒತ್ತಿ. ಆಮೇಲೆ ಚಾಪೆ ಮೇಲೆ ನೆರಳಲ್ಲಿ ಹಾಸಿ.

ರೇಷ್ಮೆಯ ವಿಷಯ ನಮಗೆ ಹೊಸದಲ್ಲ. ಮಳವಳ್ಳಿ, ಮದ್ದೂರು ಕಡೆ ಹುಳ ಸಾಕಿದ ಮನೆಗಳು ಎಷ್ಟೋ ಇವೆ. ಮೈಸೂರಿನಲ್ಲಿ ರೇಷ್ಮೆ ಕಾರ್ಖಾನೆ ಶುರುವಾಗಿದ್ದು 1912ರಲ್ಲಿ. ಆದರೂ ನಾನೇ ತಪ್ಪು ಮಾಡಿದೆ. ನನ್ನ ಮದುವೆ ಸೀರೆಯನ್ನು ಮಡಚಿ, ಮಹಡಿಯ ಬಿಸಿಲಿಗೆ ಹಾಕಿ ಮರೆತೆ. ಸಂಜೆ ನೋಡಿದರೆ ಮಡಿಕೆಯ ಹೊರಗೆ ಒಂದು ಬಣ್ಣ, ಒಳಗೆ ಒಂದು ಬಣ್ಣ. ಅಮ್ಮ ಸಾಲ ಮಾಡಿ ತೆಗೆದುಕೊಟ್ಟ ಸೀರೆ ಅದು. ಬಿಸಿಲಿಗೆ ರೇಷ್ಮೆಯ ಬಣ್ಣವೂ ಹೋಗುತ್ತದೆ, ಎಳೆಯೂ ಬಲ ಕಳೆದುಕೊಳ್ಳುತ್ತದೆ. ಜಗಲಿಯಲ್ಲಿ, ಗಾಳಿ ಆಡುವ ನೆರಳಲ್ಲಿ ಬಿಡಿಸಿ ಹಾಕಿ.

ಹತ್ತಿಗೆ ಬಿಸಿಲು ಒಳ್ಳೆಯದು. ಬಣ್ಣದ ಹತ್ತಿಯಾದರೆ ಒಳಮಗ್ಗುಲು ಹೊರಗೆ ಮಾಡಿ ಹಾಕಿ. ತುಕ್ಕು ಹಿಡಿದ ತಂತಿ ಮೇಲೆ ಹಾಕಬೇಡಿ, ಆ ಕಲೆ ಬೇಗ ಹೋಗುವುದಿಲ್ಲ. ಆಲೆಮನೆ ಹೊಗೆ ನಿಮ್ಮ ಮನೆ ಕಡೆ ಬೀಸುವಾಗ ಬಿಳಿ ಪಂಚೆ ಹೊರಗೆ ಹಾಕಿದರೆ ಏನಾಗುತ್ತದೆ ಅಂತ ನಾನು ಹೇಳಬೇಕೆ?

ಮುಚ್ಚಿಟ್ಟು ಒಣಗಿಸುವ ಬಟ್ಟೆ

ಈ ಮಾತು ತರಗತಿಯಲ್ಲಿ ಬಂದಾಗ ಎಲ್ಲರೂ ತಲೆ ತಗ್ಗಿಸಿದರು. ಮುಟ್ಟಿನ ಬಟ್ಟೆಯನ್ನು ನಾವು ಎಲ್ಲಿ ಒಣಗಿಸುತ್ತೇವೆ? ಕೊಟ್ಟಿಗೆಯ ಮೂಲೆಯಲ್ಲಿ. ಹೆಂಚಿನ ಸಂದಿಯಲ್ಲಿ. ಇನ್ನೊಂದು ಬಟ್ಟೆಯ ಅಡಿಯಲ್ಲಿ. ಅಲ್ಲಿ ಅದು ಪೂರ್ತಿ ಒಣಗುವುದಿಲ್ಲ. ಅರೆಬರೆ ಒದ್ದೆಯಲ್ಲಿ ಕಣ್ಣಿಗೆ ಕಾಣದ ರೋಗಾಣುಗಳು ಬೆಳೆಯುತ್ತವೆ. ಅದನ್ನೇ ಮತ್ತೆ ಉಟ್ಟರೆ ತುರಿಕೆ, ಸೋಂಕು ಬರಬಹುದು.

ಸೋಪು ಹಾಕಿ ಒಗೆದು ನೇರ ಬಿಸಿಲಿಗೆ ಹಾಕಿ. ಬಿಸಿಲೂ ಒಣಗುವುದೂ ಎರಡೂ ರೋಗಾಣುವನ್ನು ಕೊಲ್ಲುತ್ತವೆ. ಮಳೆಗಾಲದಲ್ಲಿ ಗಾಳಿಗೆ ಒಣಗಿಸಿ, ಮೇಲೆ ಬಿಸಿ ಇಸ್ತ್ರಿ ಎಳೆಯಿರಿ. ಒಣಗಿದ ಮೇಲೆ ಶುದ್ಧವಾದ ಚೀಲದಲ್ಲಿ ಇಡಿ.

"ಗಂಡಸರು ನೋಡ್ತಾರಲ್ಲ ಟೀಚರಮ್ಮ?" ಅಂತ ಒಬ್ಬರು ಕೇಳಿದರು. ಪಕ್ಕದಲ್ಲಿದ್ದ ಅಜ್ಜಿ ಹೇಳಿದರು, "ನೋಡ್ಲಿ ಬುಡವ್ವ. ತುರಿಕೆ ಬಂದ್ರೆ ಆಸ್ಪತ್ರೆಗೆ ಹೋಗೋಳು ನೀನು ತಾನೆ?"

ಓದಿ, ಬರೆಯಿರಿ

1. ಬಿಸಿಲು, ನೆರಳು, ರೇಷ್ಮೆ, ಉಣ್ಣೆ, ಚುಕ್ಕಿ – ಈ ಪದಗಳನ್ನು ಎರಡು ಸಲ ಬರೆಯಿರಿ.
2. ನಿಮ್ಮ ಮನೆಯ ಒಂದು ಅಂಗಿಯ ಕತ್ತಿನ ಪಟ್ಟಿ ನೋಡಿ. ಅಲ್ಲಿರುವ ಚಿತ್ರವನ್ನು ಪುಸ್ತಕದಲ್ಲಿ ಬರೆದು ತನ್ನಿ.
3. ನಿಮ್ಮ ಮನೆಯಲ್ಲಿ ನೆರಳಲ್ಲಿ ಒಣಗಿಸಬೇಕಾದ ಬಟ್ಟೆ ಯಾವುದು?