ತೋಟದ ಮರದ ಬಾಗಿಲನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಕ್ರಮ

ಕಾಳೀ ನದಿಯು ಸಮುದ್ರವನ್ನು ಕೂಡುವಲ್ಲಿ, ಉತ್ತರದ ಮಗ್ಗುಲಿಗೆ, ಕಾರವಾರ ತಾಲೂಕಿನ ದೇವಬಾಗವಿರುವದು. ಅಲ್ಲಿಯ ನೆಲವು ಮರಳು, ಗಾಳಿಯು ಉಪ್ಪಿನದು, ಮಳೆಗಾಲದ ನಾಲ್ಕು ತಿಂಗಳು ಎಲ್ಲೆಲ್ಲಿಯೂ ತೇವ. ಇಂಥ ಸ್ಥಳದಲ್ಲಿ ಬೇಲಿಯು ಎಷ್ಟು ಬಲವಾಗಿದ್ದರೂ ಬಾಗಿಲು ಜೋತುಬಿದ್ದರೆ ಅದರಿಂದ ಪ್ರಯೋಜನವಾಗದು. ತೆಂಗಿಗೆ ಬೆಳೆಯುವ ಸುಳಿಯು ಒಂದೇ. ದನವು ಗರಿಯನ್ನಷ್ಟೇ ತಿಂದರೆ ಸಸಿಯು ಚೇತರಿಸಿಕೊಂಡೀತು. ಸುಳಿಯನ್ನೇ ತಿಂದರೆ ಸಸಿಯು ಹೋದಂತೆಯೇ ಸರಿ. ಎತ್ತರದ ಜಾತಿಯ ತೆಂಗು ಫಲ ಕೊಡಲು 6-7 ವರ್ಷಗಳು ಬೇಕು. ಆದುದರಿಂದ ಒಂದು ಸಂಜೆಯ ಅಲಕ್ಷ್ಯದಿಂದ ಅಷ್ಟು ವರ್ಷಗಳ ಶ್ರಮವು ವ್ಯರ್ಥವಾಗುವದು. ಬಿದಿರಿನ ದಣಪೆಯು ಅಗ್ಗವಾದುದು ನಿಜ. ಆದರೆ ಹೋಗಿಬರುವವರು ಗಳಗಳನ್ನು ತೆಗೆದು ಮರಳಿ ಹಾಕದೆ ಹೋಗುವದುಂಟು.

ಕಟ್ಟಿಗೆಯ ಆಯ್ಕೆ.— ಗಾಳಿಮರವನ್ನು 1868ರಲ್ಲಿ ಸೌದೆಗಾಗಿ ಕಾರವಾರದ ಕರಾವಳಿಗೆ ತಂದು ನೆಟ್ಟರು. ಅದು ಈ ತೀರದಲ್ಲಿ ಹೇರಳವಾಗಿ ಸಿಗುವದಾದರೂ ಬೇಗ ಸೀಳುವದು, ಸೊಟ್ಟಾಗುವದು. ನೆಲದಲ್ಲಿ ಹುಗಿದರೆ ಗೆದ್ದಲಿಗೆ ತುತ್ತಾಗುವದು. ಕಂಬಗಳಿಗೆ ಜಂಬೆ ಅಥವಾ ಮತ್ತಿಯ ಕೆಚ್ಚು ಯೋಗ್ಯವಾದುದು. ಪಟ್ಟಿಗಳಿಗೆ ಹಲಸು ಸಾಕು. ಹೊರಮಗ್ಗುಲಿನ ಬಿಳಿಗಟ್ಟಿಗೆಯನ್ನು ಕೆತ್ತಿ ತೆಗೆಯತಕ್ಕದ್ದು, ಏಕೆಂದರೆ ಹುಳವೂ ಕೊಳೆತವೂ ಅಲ್ಲಿಂದಲೇ ಆರಂಭವಾಗುವವು. ಸ್ವಂತ ಜಮೀನಿನ ಮರವಾದರೂ ಕಡಿಯುವ ಮೊದಲು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ಅನುಮತಿ ಬೇಕೋ ಎಂಬುದನ್ನು ಅರಣ್ಯ ಕಚೇರಿಯಲ್ಲಿ ವಿಚಾರಿಸಬೇಕು. ಕೊಯ್ದ ಹಲಗೆಗಳನ್ನು ನಡುನಡುವೆ ಕಡ್ಡಿಗಳನ್ನಿಟ್ಟು ನೆರಳಿನಲ್ಲಿ ಒಣಗಿಸಬೇಕು. ಹಸಿ ಕಟ್ಟಿಗೆಯ ಬಾಗಿಲು ತಿರುಚಿಕೊಳ್ಳದೆ ಇರದು.

ಕಂಬಗಳು.— 5 ಇಂಚು ಚೌಕದ, 7½ ಫೂಟು ಉದ್ದದ ಎರಡು ಕಂಬಗಳು ಬೇಕು. ಇವುಗಳಲ್ಲಿ 3 ಫೂಟು ನೆಲದೊಳಗಿರಬೇಕು. ಬಾಗಿಲಿನ ಭಾರವು ಬಿಜಾಗರಿಯ ಕಂಬದ ತಲೆಯನ್ನು ದಾರಿಯ ಕಡೆಗೆ ಎಳೆಯುವದು. ಆಗ ಬುಡವು ಹಿಂದಕ್ಕೆ ಸರಿಯುವದು. ಮರಳು ಇದನ್ನು ತಡೆಯಲಾರದು. ಆದುದರಿಂದ ನೆಲಮಟ್ಟದ ಸ್ವಲ್ಪ ಕೆಳಗೆ ದಾರಿಯ ಮಗ್ಗುಲಿಗೆ ಒಂದು ಚೀರೇಕಲ್ಲನ್ನೂ, ಬುಡದಲ್ಲಿ ಅದರ ವಿರುದ್ಧದ ಮಗ್ಗುಲಿಗೆ ಇನ್ನೊಂದನ್ನೂ ಕಂಬಕ್ಕೆ ಒತ್ತಿ ಇಟ್ಟು, ಜಲ್ಲಿ ಹಾಗೂ ಕೆಮ್ಮಣ್ಣನ್ನು ಪದರು ಪದರಾಗಿ ಧಮ್ಮಸ ಮಾಡಬೇಕು. ಎರಡು ಕಂಬಗಳ ನಡುವೆ 4 ಫೂಟು 6 ಇಂಚು ಅಂತರವಿರಲಿ.

ಬಾಗಿಲು.— ಅಗಲ 4 ಫೂಟು 4 ಇಂಚು, ಎತ್ತರ 4 ಫೂಟು. ಎರಡು ಮಗ್ಗುಲಿಗೂ ಉಳಿಯುವ ಒಂದೊಂದು ಇಂಚು, ಮಳೆಯಲ್ಲಿ ಕಟ್ಟಿಗೆ ಉಬ್ಬುವದಕ್ಕಾಗಿ. ಮೇಲೆ ಕೆಳಗೆ ಎರಡು ಅಡ್ಡಪಟ್ಟಿಗಳನ್ನಿಟ್ಟು, 3 ಇಂಚು ಅಗಲದ 11 ನಿಲುವುಪಟ್ಟಿಗಳನ್ನು ಸಮಾಂತರವಾಗಿ ಜೋಡಿಸಿದರೆ ನಡುವಿನ ಸಂದುಗಳು 2 ಇಂಚಿಗೆ ತುಸು ಕಡಮೆಯಾಗುವವು. ಆಡಿನ ಮರಿಯೂ ನುಸುಳಲಾರದು. ಅನಂತರ ಮೂಲೆಯಿಂದ ಮೂಲೆಗೆ ಎರಡೂ ಕಡೆ ಹುರಿ ಹಿಡಿದು ಅಳೆಯಬೇಕು. ಎರಡೂ ಅಳತೆಗಳು ಸಮನಾದರೆ ಮಾತ್ರ ಚೌಕಟ್ಟು ನೇರವಾಗಿದೆಯೆಂದು ತಿಳಿಯತಕ್ಕದ್ದು.

ಓರೆಪಟ್ಟಿ.— ಅನೇಕರು ತಪ್ಪುವದು ಇಲ್ಲಿಯೇ. ಓರೆಪಟ್ಟಿಯು ಬಿಜಾಗರಿಯ ಕಡೆಯ ಕೆಳಮೂಲೆಯಿಂದ ಹೊರಟು ಅಗುಳಿಯ ಕಡೆಯ ಮೇಲ್ಮೂಲೆಗೆ ಏರಬೇಕು. ಹೀಗಿದ್ದರೆ ಹೊರತುದಿಯ ಭಾರವು ಪಟ್ಟಿಯನ್ನು ಒತ್ತಿ ಕೆಳಗಿನ ಬಿಜಾಗರಿಗೆ ಇಳಿಯುವದು. ಒತ್ತಡವನ್ನು ತಾಳುವದು ಕಟ್ಟಿಗೆಯ ಸ್ವಭಾವ. ತಿರುವುಮುರುವಾಗಿ ಹಾಕಿದರೆ ಭಾರವೆಲ್ಲ ತುದಿಗಳ ಮೊಳೆಗಳನ್ನು ಜಗ್ಗುವದು. ಮೊಳೆಯ ತೂತುಗಳು ಸಡಿಲವಾದೊಡನೆ ಬಾಗಿಲು ನೆಲಕ್ಕೆ ತಾಗುವದು.

ಮೊಳೆ ಮತ್ತು ಎಣ್ಣೆ.— ಉಪ್ಪುಗಾಳಿಗೆ ಬರಿಯ ಕಬ್ಬಿಣವು ಬೇಗ ತುಕ್ಕುಹಿಡಿಯುವದರಿಂದ, ಜಸ್ತದ ಲೇಪವುಳ್ಳ ತಿರುಪುಮೊಳೆಗಳನ್ನೂ ಉದ್ದಪಟ್ಟಿಯ ಬಿಜಾಗರಿಗಳನ್ನೂ ಉಪಯೋಗಿಸಬೇಕು. ಮೊದಲು ಬೈರಿಗೆಯಿಂದ ತೂತು ಕೊರೆದರೆ ಪಟ್ಟಿಗಳು ಸೀಳಲಾರವು. ಜೋಡಿಸುವ ಮುಂಚೆ ಪ್ರತಿಯೊಂದು ತುಂಡಿಗೂ, ವಿಶೇಷವಾಗಿ ಕೊಯ್ದ ತುದಿಗಳಿಗೆ, ದೋಣಿಗಳಿಗೆ ಬಳಿಯುವ ಗೇರುಸಿಪ್ಪೆಯ ಎಣ್ಣೆಯನ್ನು ಎರಡು ಸಲ ಹಚ್ಚತಕ್ಕದ್ದು. ಈ ಎಣ್ಣೆಯು ಚರ್ಮವನ್ನು ಸುಡುವದು, ಆದುದರಿಂದ ಕೈಗಳಿಗೆ ತೆಂಗಿನೆಣ್ಣೆಯನ್ನು ಸವರಿ, ಕೋಲಿಗೆ ಕಟ್ಟಿದ ಅರಿವೆಯಿಂದ ಬಳಿಯಬೇಕು, ಮಕ್ಕಳನ್ನು ದೂರವಿಡಬೇಕು.

ಬಾಗಿಲನ್ನು ನೆಲದಿಂದ 3 ಇಂಚು ಮೇಲೆ ತೂಗಹಾಕಿ, ಒಳಮಗ್ಗುಲಿಗೆ ಜಾರುವ ಮರದ ಅಗುಳಿಯನ್ನು ಇಡಬೇಕು. ಕಂಬಗಳು ಕೊಳೆಯುವದು ಹೆಚ್ಚಾಗಿ ನೆಲಮಟ್ಟದಲ್ಲಿಯೇ. ಅಲ್ಲಿ ತೇವವೂ ಗಾಳಿಯೂ ಕೂಡುವವು. ಪ್ರತಿವರ್ಷ ಮೇ ತಿಂಗಳಲ್ಲಿ ಬುಡದ ಮಣ್ಣನ್ನು ಒಂದು ಗೇಣು ಸರಿಸಿ, ಚಾಕುವಿನಿಂದ ಚುಚ್ಚಿ ನೋಡಿ, ಎಣ್ಣೆ ಹಚ್ಚಬೇಕು. ಊರಿನ ಮುಖಂಡರು ಇಂಥದೊಂದು ಬಾಗಿಲನ್ನು ತಮ್ಮ ತೋಟಕ್ಕೆ ಮೊದಲು ಹಾಕಿಸಿದರೆ ನೆರೆಯವರು ಅಳತೆ ತೆಗೆದುಕೊಂಡು ಹೋಗುವರು. ದನಗಳ ಕಾರಣದಿಂದ ನೆರೆಹೊರೆಯಲ್ಲಿ ಹುಟ್ಟುವ ವ್ಯಾಜ್ಯಗಳೂ ಕಡಮೆಯಾಗುವವು.